ಗ್ರೈಂಡರ್ ನಿಂತ ಮೇಲೂ ಹತ್ತು ಆಂಪಿಯರ್

ಹಾಸ್ಟೆಲಿನಲ್ಲಿ ದಿನಾ ಬೆಳಿಗ್ಗೆ ಫ್ಯೂಸ್ ಹೋಗುತ್ತಿತ್ತು. ಅವತ್ತೂ ಹೋಯಿತು. ಹೆಗಲ ಮೇಲೆ ಟವೆಲ್ ಹಾಕಿಕೊಂಡ ವಾರ್ಡನ್ ಮಠಪತಿ ಅಡುಗೆಮನೆಗೆ ನುಗ್ಗಿದರು.

"ಎಲ್ಲಾ ನಿನ್ನ ಗ್ರೈಂಡರ್ ಕಿತಾಪತಿ! ನಾಳೆಯಿಂದ ಎಂಬತ್ತು ಹುಡುಗರ ಹಿಟ್ಟು ಒರಳಿನಾಗ ರುಬ್ಬು!"

ಅಡುಗೆಯ ನೀಲವ್ವ ಲೈನ್‌ಮನ್ ತಮ್ಮನಿಂದ ತಂದಿದ್ದ, ಕರೆಂಟು ಅಳೆಯುವ ಮೀಟರ್ ತೆಗೆದಳು.

"ನಿನ್ನೆ ಮಧ್ಯಾಹ್ನನ ಅಳದೀನ್ರಿ. ವೋಲ್ಟೇಜು ಇನ್ನೂರಾ ಮೂವತ್ತು, ಗ್ರೈಂಡರ್ ಎಳೆಯೋದು ಎರಡ ಆಂಪಿಯರ್. ಗುಣಿಸಿದ್ರ ನಾಕನೂರಾ ಅರವತ್ತು ವ್ಯಾಟ್."

"ನಿನಗ್ಯಾರು ಕಲಿಸಿದ್ರು ಇದನ್ನ?"

"ಹುಡುಗರು ಊಟದ ಪಾಳ್ಯಾಗ ನಿಂತು ಬಾಯಿಪಾಠ ಮಾಡ್ತಾರಲ್ರಿ."

ಗ್ರೈಂಡರಿನ ಪ್ಲಗ್ ಕಿತ್ತಳು. ಹೊಸ ಫ್ಯೂಸ್ ಹಾಕಿ, ಮೇನ್ ವೈರಿಗೆ ಮೀಟರ್ ಹಿಡಿದಳು. ಹತ್ತು ಆಂಪಿಯರ್!

"ಎರಡು ಸಾವಿರದ ಮುನ್ನೂರು ವ್ಯಾಟ್, ಸಾಹೇಬ್ರ! ವೋಲ್ಟೇಜನ್ನ ಆಂಪಿಯರಿನಿಂದ ಭಾಗಿಸಿದ್ರ ರೆಸಿಸ್ಟೆನ್ಸ್ ಬರೇ ಇಪ್ಪತ್ಮೂರು ಓಮ್. ನೀರು ಕಾಸೋ ಕಾಯಿಲ್ ಇದ್ದಂಗೈತಿ. ಇದರ ಮ್ಯಾಲ ಗ್ರೈಂಡರೂ ಕೂಡಿದ್ರ ಫ್ಯೂಸ್ ಹೋಗೋದ. ಎಲ್ಲೈತ್ರಿ ಅದು?"

ಅಷ್ಟರಲ್ಲಿ ಪಕ್ಕದ ವಾರ್ಡನ್ ಕೋಣೆಯೊಳಗೆ ಬಕೆಟ್ ನೀರು ಕೊತಕೊತ ಕುದಿಯತೊಡಗಿತು. ತಿಂಡಿಗೆ ಸಾಲು ನಿಂತಿದ್ದ ಹುಡುಗರೆಲ್ಲ ಆ ಕಡೆ ತಿರುಗಿದರು. ಮಠಪತಿ ಟವೆಲಿನಿಂದ ಮುಖ ಒರೆಸಿಕೊಂಡರು.

ಮರುದಿನ ಅವರೇ ಬಕೆಟ್ ಹಿಡಿದು ನೀಲವ್ವನ ಸೌದೆ ಒಲೆಯ ಮುಂದೆ ಬಂದರು.

"ಹಿಂದ ನಿಂದರ್ರಿ, ಸಾಹೇಬ್ರ," ಎಂದಳು ನೀಲವ್ವ. "ಮೊದಲ ಇಡ್ಲಿ ಇಳೀಲಿ."