ಧರ್ಮದರ್ಶಿಯ ಸಿಟ್ಟು

ದೇವರು, ದೆವ್ವ, ಹೊಡೆದಾಟ ಬೆರೆಸಿ ಕಾದಂಬರಿ ಬರೆಯುವವನೊಬ್ಬನಿದ್ದ. ಒಂದು ದಿನ ಊರ ದೇವಸ್ಥಾನದ ಧರ್ಮದರ್ಶಿ ಪುಟ್ಟಸ್ವಾಮಯ್ಯ ಭಕ್ತರ ಗುಂಪು ಕಟ್ಟಿಕೊಂಡು ಅವನ ಮನೆಗೆ ನುಗ್ಗಿದ.

"ನಿನ್ನ ಹೊಸ ಕಾದಂಬರಿಯ ಕಳ್ಳ ಧರ್ಮದರ್ಶಿ ನಾನೇ ಅಂತ ಊರೆಲ್ಲ ನಗ್ತಿದೆ. ಪುಸ್ತಕ ಸುಡು, ಇಲ್ಲ ಕೈ ಮುರೀತೀನಿ!"

ಕಾದಂಬರಿಕಾರನಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡು, "ಸುಡ್ತೀನಿ ಸ್ವಾಮಿ. ಯಾವುದು ಸುಳ್ಳು, ಇವರ ಎದುರಿಗೇ ಹೇಳಿ" ಎಂದ.

"ಎಲ್ಲಾ ಸುಳ್ಳು! ದೇವಿಯ ಬೆಳ್ಳಿ ಮುಖವಾಡ ನಾನು ಮಾರಿಲ್ಲ! ಅದರ ಜಾಗದಲ್ಲಿ ತಗಡಿನದು ಇಟ್ಟಿಲ್ಲ!"

"ರೀ, ನನ್ನ ಪುಸ್ತಕದ ಕಳ್ಳ ಕದಿಯೋದು ಗಂಟೆ! ಮುಖವಾಡದ ಮಾತೇ ನಾನು ಬರೆದಿಲ್ಲ!"

ಭಕ್ತರೆಲ್ಲ ಧರ್ಮದರ್ಶಿಯ ಕಡೆ ತಿರುಗಿದರು.

ಕಾದಂಬರಿಕಾರ ಗುಡುಗಿದ: "ಪುಸ್ತಕದಲ್ಲಿ ಆ ಕಳ್ಳನ ಬಾಯಿ ಬಿಡಿಸೋಕೆ ದೇವಿಯೇ ಮೈಮೇಲೆ ಬರಬೇಕಾಯ್ತು. ನಿಮಗೆ ಬರೀ ಸಿಟ್ಟು ಬಂದಿದ್ದೇ ಸಾಕಾಯ್ತಲ್ರೀ!"