ಹನ್ನೆರಡು ಅಂಕಣದ ಮನೆ

ಶಿಷ್ಯ ಕೇಳಿದ: "ಗುರುಗಳೇ, ಊರವರು ನನ್ನ ಮೇಲೆ ಹೊರಿಸುವ ಭಾರ ವರ್ಷ ವರ್ಷಕ್ಕೂ ಹೆಚ್ಚುತ್ತಿದೆ. ಮೊದಲು ಪಾಠ ಹೇಳಿ ಎಂದರು. ಆಮೇಲೆ ಜಗಳ ತೀರಿಸಿ ಎಂದರು. ಈಗ ರೋಗ ವಾಸಿಮಾಡಿ ಎನ್ನುತ್ತಿದ್ದಾರೆ. ನಾಳೆ ಒಬ್ಬ ತಾಯಿ, ಮೂರು ತಿಂಗಳಿಂದ ಹಾಸಿಗೆ ಬಿಟ್ಟೇಳದ ಮಗಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬರುತ್ತಾಳಂತೆ. ಇಷ್ಟು ಭಾರ ನನ್ನಿಂದಾಗದು. ಇಳಿಸಿಕೊಡಿ ಎಂದು ಯಾರನ್ನು ಬೇಡಲಿ?"

ಗುರು ಕೇಳಿದರು: "ನಿನಗೆ ವೈದ್ಯವಿದ್ಯೆ ಗೊತ್ತು ಎಂದು ಆ ತಾಯಿಗೆ ಯಾರು ಹೇಳಿದರು?"

"ಊರವರು ಹೇಳಿಕೊಳ್ಳುತ್ತಾರೆ" ಎಂದ ಶಿಷ್ಯ. ಹೇಳುವಾಗ ನೆಲ ನೋಡುತ್ತಿದ್ದ.

ಗುರು ಕೆದಕಲಿಲ್ಲ. "ಸರಿ, ಬೇಡುವುದು ಆಮೇಲೆ. ಮೊದಲು ಕೂತುಕೋ. ಭಾರ ಇಳಿಸಿಕೊಳ್ಳಲು ಹೊರಟ ಒಬ್ಬ ಬಡಗಿಯ ಕತೆ ಹೇಳುತ್ತೇನೆ" ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಊರಿನ ಅರ್ಧ ಮನೆಗಳಿಗೆ ಕಂಬ ನಿಲ್ಲಿಸಿದವನು ಅವನೇ. ಆ ಸೀಮೆಯಲ್ಲಿ ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಯಾರ ಮನೆ ಎಷ್ಟು ಅಂಕಣ ಎಂದು ಕೇಳಿದರೆ ಬಡಗಿ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದ.

ಒಂದು ವರ್ಷ ಸರಕಾರ ಮನೆಗಂದಾಯಕ್ಕೆ ಹೊಸ ಕ್ರಮ ತಂದಿತು. ಅಂಕಣಕ್ಕೆ ಇಷ್ಟು ಎಂದು ಕಂದಾಯ. ಹತ್ತು ಅಂಕಣ ದಾಟಿದರೆ ಅದು ದೊಡ್ಡಮನೆ, ಅದಕ್ಕೆ ಎರಡರಷ್ಟು. ಮೇಲಾಗಿ ದೊಡ್ಡಮನೆಗಳ ದರ ವರ್ಷ ವರ್ಷವೂ ಏರುವುದು. ಮನೆ ಮನೆ ಅಳೆದು ಬರೆದುಕೊಳ್ಳಲು ಒಬ್ಬ ಗುಮಾಸ್ತ ಹಗ್ಗ ಹಿಡಿದು ಬಂದ.

ಅವನು ಬಡಗಿಯ ಮನೆಗೆ ಬಂದ ಗಳಿಗೆ ಎಂಥದು ನೋಡು. ಬಡಗಿಯ ಮಗಳನ್ನು ನೋಡಲು ಪಕ್ಕದ ಊರಿನ ಅಕ್ಕಸಾಲಿ ತನ್ನ ಹೆಂಡತಿ, ಮಗನ ಜೊತೆ ಬಂದು ಜಗಲಿಯಲ್ಲಿ ಕೂತಿದ್ದ. ಉಪ್ಪಿಟ್ಟಿನ ತಟ್ಟೆಗಳು ಆಗತಾನೇ ಹೊರಗೆ ಬಂದಿದ್ದವು. ಗುಮಾಸ್ತನಿಗೆ ಬಿಸಿಲಲ್ಲಿ ಸುತ್ತಿ ಸಾಕಾಗಿತ್ತು. ಅವನು ಹಗ್ಗ ಬಿಚ್ಚಲಿಲ್ಲ. "ಆಚಾರ್ರೇ, ನಿಮ್ಮ ಮನೆಯನ್ನು ನಾನು ಅಳೆಯುವುದುಂಟೇ? ನೀವೇ ಹೇಳಿಬಿಡಿ, ಎಷ್ಟು ಅಂಕಣ?" ಎಂದ.

ಬಡಗಿ ಗುಮಾಸ್ತನ ಮುಖ ನೋಡಲಿಲ್ಲ. ಅಕ್ಕಸಾಲಿಯ ಮುಖ ನೋಡಿದ. "ಹನ್ನೆರಡು" ಎಂದ.

ನಗಬೇಡ. ಅವನು ಪೂರ್ತಿ ಸುಳ್ಳುಗಾರನಲ್ಲ. ಮನೆ ಇದ್ದದ್ದು ಏಳು ಅಂಕಣ. ಹಿತ್ತಲಲ್ಲಿ ಇನ್ನೈದಕ್ಕೆ ಅಡಿಗಲ್ಲು ಹಾಕಿಟ್ಟು ಎಷ್ಟೋ ವರ್ಷವಾಗಿತ್ತು. ಇವತ್ತಲ್ಲ ನಾಳೆ ಕಟ್ಟುತ್ತೇನೆ ಎಂದು ದಿನಾ ನೋಡಿ ನೋಡಿ, ಅವನ ಕಣ್ಣಿಗೆ ಅಲ್ಲಿ ಕಂಬಗಳೇ ಎದ್ದು ನಿಂತಿದ್ದವು. ನಮ್ಮಲ್ಲಿ ಅಂಥವರು ಬಹಳ ಮಂದಿ. ಗುಮಾಸ್ತ ಹನ್ನೆರಡು ಎಂದು ಬರೆದುಕೊಂಡು, ಒಂದು ತಟ್ಟೆ ಉಪ್ಪಿಟ್ಟು ತಿಂದು ಹೋದ.

ಅಕ್ಕಸಾಲಿಯೂ ಹೋದ. ಹೋಗುವಾಗ, "ಹುಡುಗಿ ಒಪ್ಪಿಗೆಯಾಗಿದ್ದಾಳೆ. ದಿನ ಯಾವಾಗ ಎಂದು ತಿಳಿಸುತ್ತೇವೆ" ಎಂದ. ತಿಂಗಳು ಕಳೆಯಿತು, ಸುದ್ದಿ ಇಲ್ಲ. ಬಡಗಿ ಹೇಳಿ ಕಳಿಸಿದ. "ನೋಡೋಣ" ಎಂದು ಉತ್ತರ ಬಂತು. ಇನ್ನೊಮ್ಮೆ ಹೇಳಿ ಕಳಿಸಿದ. ಮತ್ತೆ "ನೋಡೋಣ". ಹುಡುಗಿ ಏನೂ ಕೇಳುತ್ತಿರಲಿಲ್ಲ. ಆದರೆ ಆ ಊರಿನ ಕಡೆಯಿಂದ ಯಾರಾದರೂ ಬಂದರೆ ನೀರು ತರುವ ನೆಪದಲ್ಲಿ ಹೊರಗೆ ಬಂದು ನಿಲ್ಲುತ್ತಿದ್ದಳು. ಬಡಗಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಹನ್ನೆರಡೂ ಅವರಿಗೆ ಕಡಿಮೆಯಾಯಿತೇನೋ ಎಂದು ಒಳಗೊಳಗೇ ಬೇಯುತ್ತಿದ್ದ.

ಈ ನಡುವೆ ಕಂದಾಯದ ಚೀಟಿ ಬಂತು. ದೊಡ್ಡಮನೆ ದರ. ಮೊದಲ ವರ್ಷ ಹಸು ಮಾರಿ ಕಟ್ಟಿದ. ಎರಡನೆಯ ವರ್ಷ ಚೀಟಿಯಲ್ಲಿ ಇನ್ನೂ ಹೆಚ್ಚು ಬರೆದಿತ್ತು. ಮನೆಯಲ್ಲಿ ಉಳಿದಿದ್ದದ್ದು ಮಗಳ ಮದುವೆಗೆಂದು ತೆಗೆದಿಟ್ಟ ಸಾಗುವಾನಿ ಹಲಗೆ ಮಾತ್ರ. ಅದನ್ನು ಮಾರಿದರೆ ಮದುವೆ ಇಲ್ಲ. ಮಾರದಿದ್ದರೆ ಮನೆಗೆ ಜಪ್ತಿ.

ಬಡಗಿ ಕಚೇರಿಗೆ ಹೋಗಿ ಕೂಗಾಡಿದ. "ಇದು ಅನ್ಯಾಯ. ಬಡವನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀರಿ" ಎಂದ. ಅಮಲ್ದಾರರು ಕೂತಲ್ಲಿಂದಲೇ ಕೇಳಿದರು: "ಅನ್ಯಾಯ ಎನ್ನುವವರು ದಿನಕ್ಕೆ ಹತ್ತು ಜನ ಬರುತ್ತಾರೆ. ನಾವು ಬರೆದದ್ದರಲ್ಲಿ ತಪ್ಪು ಯಾವುದು, ಅದನ್ನು ಹೇಳಿ." ತಪ್ಪು ಯಾವುದು ಎಂದು ಬಡಗಿಗೆ ಗೊತ್ತಿತ್ತು. ಅದು ತನ್ನದೇ ಮಾತು ಎಂದೂ ಗೊತ್ತಿತ್ತು. ತಲೆ ತಗ್ಗಿಸಿಕೊಂಡು ಹೊರಗೆ ಬಂದ.

ಹೊರಗೆ ಕಟ್ಟೆಯ ಮೇಲೆ ಹಳೆಯ ಶಾನುಭೋಗರೊಬ್ಬರು ಕೂತಿದ್ದರು. ಕೆಲಸ ಬಿಟ್ಟಿದ್ದರೂ ಕಚೇರಿಯ ನೆರಳು ಬಿಟ್ಟಿರಲಿಲ್ಲ. ಅವರೆಂದರು: "ಗಂಟಲು ಹರಿದುಕೊಂಡರೆ ಕಂದಾಯ ಇಳಿಯುವುದಿಲ್ಲ, ಆಚಾರ್ರೇ. ನಿಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂದು ಮೊದಲು ನಕಲು ತೆಗೆಸಿ. ಬರೆದದ್ದಕ್ಕೂ ಇರುವುದಕ್ಕೂ ತಾಳೆ ನೋಡಿ. ನಿಮ್ಮಂಥದೇ ಮನೆಯವರು ಎಷ್ಟು ಕಟ್ಟುತ್ತಿದ್ದಾರೆ, ವಿಚಾರಿಸಿ. ಚೀಟಿ ಬಂದ ಮೂವತ್ತು ದಿನದೊಳಗೆ ತಕರಾರು ಅರ್ಜಿ ಕೊಡಿ. ಮೂವತ್ತೊಂದನೆಯ ದಿನ ಬಂದರೆ ನಿಮ್ಮ ಸತ್ಯವನ್ನು ಯಾರೂ ಕೇಳುವುದಿಲ್ಲ. ಇನ್ನೊಂದು ಮಾತು. ಅರ್ಜಿ ಕೊಟ್ಟರೆ ಸುತ್ತಣ ಊರುಗಳಲ್ಲಿ ಡಂಗುರ ಹೊಡೆಸುತ್ತಾರೆ. ಇಂಥವರು ತಮ್ಮ ಮನೆ ಇಷ್ಟೇ ಎನ್ನುತ್ತಿದ್ದಾರೆ, ಬಲ್ಲವರು ಬಂದು ಹೇಳಿ ಎಂದು ಸಾರುತ್ತಾರೆ. ಸ್ವಂತ ಊರಿನ ಸಾಕ್ಷಿ ನಡೆಯುವುದಿಲ್ಲ. ನೆರೆಯವರು ಒಬ್ಬರಿಗೊಬ್ಬರು ಇಳಿಸಿಕೊಡುತ್ತಾರೆ ಎಂದು ಸರಕಾರಕ್ಕೆ ಗೊತ್ತು. ಹೊರ ಊರಿನವರೇ ಆಗಬೇಕು."

ಡಂಗುರ ಎಂದ ಕೂಡಲೇ ಬಡಗಿಯ ಜೀವ ಹಾರಿತು. ಡಂಗುರ ಅಕ್ಕಸಾಲಿಯ ಊರಿಗೂ ಹೋಗುತ್ತದಲ್ಲ.

ಅವನು ಇಪ್ಪತ್ತೈದು ದಿನ ಏನೂ ಮಾಡದೆ ಕಳೆದ. ಇಪ್ಪತ್ತಾರನೆಯ ದಿನ ಹಲಗೆಗಳನ್ನು ಹೊರಗೆ ತೆಗೆದು, ಕೊಳ್ಳುವವನಿಗೆ ಹೇಳಿ ಕಳಿಸಲು ಹೊರಟ. ಹೆಂಡತಿ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಳು.

"ಎರಡು ವರ್ಷದಿಂದ ಹನ್ನೆರಡು ಅಂಕಣಕ್ಕೆ ಚೀಟಿ ಬರುತ್ತಿದೆ. ಮದುವೆಯಾಗಿ ಬಂದಾಗಿನಿಂದ ನಾನು ಗುಡಿಸುತ್ತಿರುವುದು ಏಳೇ. ಉಳಿದ ಐದು ಎಲ್ಲಿವೆ ತೋರಿಸಿ, ಅದನ್ನೂ ಗುಡಿಸಿಬಿಡುತ್ತೇನೆ" ಎಂದಳು.

"ಸಂಬಂಧ ಮುರಿದುಹೋದರೆ?"

"ಇಲ್ಲದ ಮನೆ ನಂಬಿ ಹೆಣ್ಣು ಕೇಳುವವರಾದರೆ ಮುರಿಯಲಿ. ಇರುವ ಮನೆ ಹೋದಮೇಲೆ ಅವಳನ್ನು ಯಾವ ಜಗಲಿಯಿಂದ ಕಳಿಸಿಕೊಡುತ್ತೀರಿ?"

ಬಡಗಿ ಹಲಗೆಗಳನ್ನು ಒಳಗಿಟ್ಟ. ಅಳತೆಯ ಕೋಲು ತೆಗೆದುಕೊಂಡ. ಊರಿನ ಮನೆಗಳನ್ನೆಲ್ಲ ಅಳೆದ ಆ ಕೋಲನ್ನು ಅವನು ತನ್ನ ಮನೆಯೊಳಗೆ ಇಟ್ಟು ನೋಡಿದ್ದು ಅದೇ ಮೊದಲು. ಅಳೆದು ಬಂದರೆ ಏಳು ಅಲ್ಲ, ಏಳೂವರೆ. ಮಳೆಗಾಲದಲ್ಲಿ ಕೆಲಸ ಮಾಡಲು ಹಿಂಗೋಡೆಗೆ ಒರಗಿಸಿ ಹಾಕಿದ್ದ ಚಪ್ಪರಕ್ಕೆ ಹೆಂಚು ಹೊದಿಸಿದ್ದನ್ನು ಅವನೇ ಮರೆತಿದ್ದ. ಅರ್ಜಿಯಲ್ಲಿ ಏಳೂವರೆ ಎಂದೇ ಬರೆಸಿದ. ಬರೆದುಕೊಟ್ಟವನು, "ಆ ಅರ್ಧ ಯಾರಿಗೆ ಕಾಣುತ್ತದೆ? ಬಿಡಿ" ಎಂದ. "ಬಿಟ್ಟದ್ದೂ ಸೇರಿಸಿದ್ದೂ ಸಾಕಾಗಿದೆ, ಬರಿ" ಎಂದ ಬಡಗಿ. ಇಪ್ಪತ್ತೊಂಬತ್ತನೆಯ ದಿನ ಅರ್ಜಿ ಕಚೇರಿ ಸೇರಿತು.

ಡಂಗುರ ಹೊಡೆಸಿದರು. ವಿಚಾರಣೆಯ ದಿನ ಚಾವಡಿ ತುಂಬಿತ್ತು. ಅಕ್ಕಸಾಲಿ ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನನ್ನು ಕಂಡು ಬಡಗಿಗೆ ಹಾಗೇ ಎದ್ದು ಹೋಗಿಬಿಡಲೇ ಎನ್ನಿಸಿತು. ಮಗಳು ನೀರಿನ ಚೊಂಬು ಹಿಡಿದು ನಿಲ್ಲುವುದು ನೆನಪಾಯಿತು. ಹೋಗಲಿಲ್ಲ.

ಅಮಲ್ದಾರರು ಅವನ ಹೆಸರು ಕೂಗಿದರು. "ಹನ್ನೆರಡು ಎಂದು ಬರೆಸಿದವರು ನೀವೇ. ಈಗ ಏಳೂವರೆ ಎನ್ನುತ್ತೀರಿ. ಯಾವುದು ನಿಜ?"

ಬಡಗಿ ಕೈಮುಗಿದ. "ಅವತ್ತು ಹೇಳಿದ್ದು ನನ್ನ ಆಸೆ, ಸ್ವಾಮಿ. ಇವತ್ತು ಹೇಳುತ್ತಿರುವುದು ನನ್ನ ಮನೆ" ಎಂದ.

ಚಾವಡಿಯಲ್ಲಿ ಕೆಲವರು ನಕ್ಕರು. ಅಮಲ್ದಾರರು ನಗಲಿಲ್ಲ. "ಬಲ್ಲವರು ಯಾರಾದರೂ ಇದ್ದೀರಾ?" ಎಂದು ಕೇಳಿದರು.

ಅಕ್ಕಸಾಲಿ ಎದ್ದು ನಿಂತ. "ನಾನು ಬಲ್ಲೆ. ಏಳು ಅಂಕಣ" ಎಂದ.

"ಅಲ್ಲ, ಏಳೂವರೆ. ಹಿಂದಿನದು ನಿಮಗೆ ಕಂಡಿಲ್ಲ" ಎಂದು ಬಡಗಿಯ ಬಾಯಿಂದ ತಾನಾಗಿ ಬಂತು. ಈಗ ಅಮಲ್ದಾರರಿಗೂ ನಗು ಬಂತು. ತಕರಾರಿಗೆ ಬಂದವನು ತನ್ನ ಮೇಲೆ ತಾನೇ ಅರ್ಧ ಅಂಕಣ ಹಾಕಿಕೊಂಡದ್ದನ್ನು ಅವರು ಎಂದೂ ಕಂಡಿರಲಿಲ್ಲ. ಆದರೂ ಈ ಸಲ ಬರಿಯ ಮಾತಿಗೆ ಬರೆಯಲಿಲ್ಲ. ಗುಮಾಸ್ತನ ಕೈಗೆ ಹಗ್ಗ ಕೊಟ್ಟು ಆಗಲೇ ಕಳಿಸಿದರು. ಅವನು ಮಧ್ಯಾಹ್ನದೊಳಗೆ ಬೆವರು ಒರೆಸಿಕೊಳ್ಳುತ್ತ ಬಂದು ಏಳೂವರೆ ಎಂದ. ದೊಡ್ಡಮನೆ ದರ ಹೊಡೆದುಹಾಕಿದರು. ಆ ವರ್ಷದ ಚೀಟಿ ಅರ್ಧಕ್ಕಿಂತ ಕೆಳಗಿಳಿಯಿತು. ಹೆಚ್ಚಿಗೆ ಕಟ್ಟಿದ್ದನ್ನು ಮುಂದಿನ ವರ್ಷಗಳಿಗೆ ವಜಾ ಹಾಕಿಕೊಟ್ಟರು.

ಹೊರಗೆ ಬಂದಮೇಲೆ ಬಡಗಿ ಅಕ್ಕಸಾಲಿಯ ಮುಂದೆ ನಿಂತ. "ನಿಮಗೆ ಹೇಗೆ ಗೊತ್ತು?" ಎಂದ.

"ಅವತ್ತು ನಿಮ್ಮ ಜಗಲಿಯಲ್ಲಿ ಕೂತಾಗಲೇ ಕಂಬ ಎಣಿಸಿದ್ದೆ. ನಿಮ್ಮ ಮಗಳು ನಮ್ಮ ಮನೆಯವರಿಗೆಲ್ಲ ಮನಸ್ಸಿಗೆ ಬಂದಳು. ಏಳು ಅಂಕಣ ನಮಗೆ ಕಡಿಮೆಯಾಗಿರಲಿಲ್ಲ. ನೀವು ಹನ್ನೆರಡು ಎಂದಿರಿ. ಮೊದಲ ದಿನವೇ ಹೀಗೆಂದರೆ ಮುಂದೆ ಇವರ ಯಾವ ಮಾತು ನಂಬುವುದು ಎಂದು ಹೆದರಿದೆ. ಬಿಡಲೂ ಮನಸ್ಸಿಲ್ಲ, ಹಿಡಿಯಲೂ ಧೈರ್ಯವಿಲ್ಲ. ಅದಕ್ಕೇ ನೋಡೋಣ, ನೋಡೋಣ ಎನ್ನುತ್ತಿದ್ದೆ. ಮೊನ್ನೆ ಡಂಗುರ ಕೇಳಿದೆ. ನನ್ನ ಹೆಂಡತಿ, ಮೊದಲು ಹೋಗಿ ಸಾಕ್ಷಿ ಹೇಳಿ, ಆಮೇಲೆ ಊಟ ಎಂದಳು." ಅಕ್ಕಸಾಲಿ ಬಡಗಿಯ ಕೈ ಹಿಡಿದುಕೊಂಡ. "ನಡೆಯಿರಿ ಬೀಗರೇ, ದಿನ ಗೊತ್ತು ಮಾಡೋಣ" ಎಂದ.

ಎರಡು ವರ್ಷ ಕಂದಾಯದ ಭಾರ ಹೊತ್ತು ಉಳಿಸಿಕೊಂಡೆ ಎಂದು ಬಡಗಿ ಅಂದುಕೊಂಡಿದ್ದ ಸಂಬಂಧವನ್ನು ಆ ಎರಡು ವರ್ಷವೂ ತಡೆದು ನಿಲ್ಲಿಸಿದ್ದು ಆ ಐದು ಅಂಕಣವೇ. ಬಡಗಿ ಅಲ್ಲೇ ಚಾವಡಿಯ ಮೆಟ್ಟಿಲ ಮೇಲೆ ಕೂತು ಅತ್ತ. ಸಂತೋಷಕ್ಕೋ ನಾಚಿಕೆಗೋ ಅವನಿಗೂ ತಿಳಿಯಲಿಲ್ಲ. ಮದುವೆ ಏಳೂವರೆ ಅಂಕಣದ ಮನೆಯಲ್ಲೇ ಆಯಿತು. ಜನ ಹಿಡಿಸದೆ ಪಂಕ್ತಿ ಹಿತ್ತಲಿಗೂ ಹೋಯಿತು. ಅಡಿಗಲ್ಲುಗಳ ಮೇಲೆ ಕೂತು ಉಂಡವರೇ ಹೆಚ್ಚು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಬಡಗಿಗೆ ಅಮಲ್ದಾರರಿದ್ದರು, ಇಳಿಸಿಕೊಟ್ಟರು. ನನ್ನ ಅರ್ಜಿ ಕೇಳುವವರು ಯಾರು, ಗುರುಗಳೇ?"

ಗುರು ಅವನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ.

"ನಾಳೆ ಆ ತಾಯಿ ನಿನ್ನ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ನನ್ನ ಮಗಳನ್ನು ವಾಸಿಮಾಡಬಲ್ಲಿರಾ ಎಂದು ಕೇಳುತ್ತಾಳೆ. ಆಗ ನೀನು ಎಷ್ಟು ಅಂಕಣ ಎಂದು ಹೇಳುತ್ತೀಯೆ?"