ಕಿತ್ತ ಎಳೆ

ತಾಯಿಯ ಕರ್ಮಾಂತರ ಮುಗಿಸಿ ಮಠಕ್ಕೆ ಮರಳಿದ ಶಿಷ್ಯ ಗುರುವಿನ ಮುಂದೆ ನಿಂತು ಕೇಳಿದ: “ಗುರುಗಳೇ, ನನಗೆ ಬೇರೊಂದು ಹೆಸರು ಕೊಡುವಿರಾ? ಹಳೆಯ ಹೆಸರಿನಿಂದ ಯಾರು ಕರೆದರೂ ಅಮ್ಮನ ದನಿಯೇ ಕೇಳುತ್ತದೆ. ಅದನ್ನು ಬಿಟ್ಟು ಮೊದಲಿನಿಂದ ಆರಂಭಿಸಬೇಕು.”

“ಕುಳಿತುಕೋ,” ಎಂದು ಗುರು ಒಂದು ಕತೆ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಮದುವೆಯಾದ ವರ್ಷ ಅವನೂ ಅವನ ಹೆಂಡತಿಯೂ ಹೊಸ ಮಗ್ಗ ಹೂಡಿದರು. ಅವಳು ಮಗ್ಗದ ಹಿಂದೆ ಕುಳಿತು ಒಂದೊಂದೇ ಎಳೆ ಕೊಟ್ಟಳು. ಅವನು ಮುಂದೆ ಕುಳಿತು ಬಾಚಣಿಗೆಯಂಥ ಅಚ್ಚಿನ ಸಂದಿಯಿಂದ ಎಳೆದುಕೊಂಡ. ಆ ಕೆಲಸ ಮತ್ತೆ ಮಾಡಬೇಕಾಗಲಿಲ್ಲ. ಬಟ್ಟೆ ಮುಗಿದಾಗ ನೇಕಾರರು ಹಳೆಯ ಎಳೆಗಳನ್ನು ಪೂರ್ತಿ ತೆಗೆಯುವುದಿಲ್ಲ. ಗೇಣುದ್ದ ಅಚ್ಚಿನಲ್ಲೇ ಉಳಿಸುತ್ತಾರೆ. ಅದರ ತುದಿಗೆ ಹೊಸ ಎಳೆಯನ್ನು ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆಮೇಲೆ ಹಳೆಯ ಎಳೆಯೇ ಹೊಸದನ್ನು ತನ್ನ ದಾರಿಯಲ್ಲಿ ಕರೆತರುತ್ತದೆ.

ಅವರ ಮನೆಯಲ್ಲಿ ಕೆಚ್ಚುತ್ತಿದ್ದವಳು ಹೆಂಡತಿಯೇ. ಬೆರಳು ಜಾರದಿರಲೆಂದು ತೆಂಗಿನ ಚಿಪ್ಪಿನಲ್ಲಿ ಬೂದಿ ಇಟ್ಟುಕೊಳ್ಳುತ್ತಿದ್ದಳು.

ಅವಳು ತೀರಿಕೊಂಡಳು. ಮಗ್ಗದ ಮೇಲಿದ್ದ ಬಟ್ಟೆಯನ್ನು ಅವನು ಹೇಗೋ ನೇಯ್ದು ಮುಗಿಸಿದ. ಅವಳು ಕೆಚ್ಚಿದ್ದ ಎಳೆಗಳ ಕೊನೆ ಅಚ್ಚಿನಲ್ಲಿ ಉಳಿಯಿತು. ಬೂದಿಯ ಚಿಪ್ಪು ಅಲ್ಲೇ ಇತ್ತು. ಅವನು ದಿನವೂ ಮಗ್ಗದ ಮುಂದೆ ಕುಳಿತ, ಕೈ ಆಡಲಿಲ್ಲ. ಒಂದು ಬೆಳಿಗ್ಗೆ ಚಿಪ್ಪನ್ನು ಹಿತ್ತಲಿಗೆ ಎಸೆದ. ಹಳೆಯ ಎಳೆಗಳನ್ನು ಒಂದೂ ಬಿಡದೆ ಕಿತ್ತು ಹಾಕಿದ.

ಪಕ್ಕದ ಮನೆಯ ಮುದುಕಿ ಬಾಗಿಲಲ್ಲಿ ಇಣುಕಿದಳು.

“ಏನಪ್ಪಾ, ಮಗ್ಗದ ಸದ್ದೇ ಇಲ್ಲ? ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ನಿದ್ದೆಯೋ?”

“ಹಳೆಯದನ್ನೆಲ್ಲ ತೆಗೆದುಬಿಟ್ಟೆ ದೊಡ್ಡಮ್ಮ. ಇನ್ನು ಹೊಸದಾಗಿ ಶುರು.”

ಮುದುಕಿ ಬರಿದಾದ ಅಚ್ಚನ್ನು ನೋಡಿದಳು. “ಕೆಚ್ಚುವುದಾಗಿದ್ದರೆ ನೀನೊಬ್ಬನೇ ಸಾಕಾಗಿತ್ತು. ಈಗ ಹಿಂದೆ ಕೂತು ಎಳೆ ಕೊಡುವವರು ಬೇಕಲ್ಲೋ. ನನ್ನ ಸೊಸೆಯನ್ನು ಕಳಿಸಲೇ?”

ಅವನು ಬೇಡವೆಂದ. ಆ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲು ಮನಸ್ಸಾಗಲಿಲ್ಲ.

ಮಗ್ಗದ ಹಿಂದೆ ಹೋಗಿ ಒಂದು ಎಳೆಯನ್ನು ಸಂದಿಗೆ ತೂರಿಸಿದ. ಎದ್ದು ಮುಂದೆ ಬಂದು ಅದನ್ನು ಎಳೆದ. ಮತ್ತೆ ಹಿಂದೆ ಹೋದ. ಕೆಲವೊಮ್ಮೆ ಅವನು ಮುಂದೆ ಬರುವಷ್ಟರಲ್ಲಿ ಎಳೆ ಜಾರಿ ಹಿಂದಕ್ಕೆ ಬಿದ್ದಿರುತ್ತಿತ್ತು. ಮುಂದೆ ಕುಳಿತಾಗ ಹಿಂದಿನ ಜಾಗ ಖಾಲಿ. ಹಿಂದೆ ಕುಳಿತಾಗ ಮುಂದಿನದು ಖಾಲಿ. ಸಂಜೆಯ ಹೊತ್ತಿಗೆ ಅಚ್ಚಿನಲ್ಲಿ ಬೆರಳಗಲದಷ್ಟೂ ತುಂಬಿರಲಿಲ್ಲ. ಆಗ ಅವನು ಹಿತ್ತಲಿಗೆ ಹೋಗಿ, ಕತ್ತಲಾಗುವವರೆಗೂ ಆ ಚಿಪ್ಪನ್ನು ಹುಡುಕಿದ.

ಗುರು ಕತೆ ನಿಲ್ಲಿಸಿದರು.

“ಸಿಕ್ಕಿತೇ?” ಎಂದ ಶಿಷ್ಯ.

“ಸಿಕ್ಕಿತು. ಬೂದಿ ಮಣ್ಣಿನಲ್ಲಿ ಬೆರೆತಿತ್ತು.”

ಶಿಷ್ಯ ಮೆಲ್ಲಗೆ ಕೇಳಿದ: “ಹಾಗಾದರೆ ನಾನು ಎಲ್ಲಿಂದ ಆರಂಭಿಸಲಿ?”

ಗುರು ಹೇಳಿದರು: “ನಿನ್ನ ತಾಯಿ ನಿನ್ನನ್ನು ಹೇಗೆ ಕರೆಯುತ್ತಿದ್ದಳೋ, ಒಮ್ಮೆ ಹಾಗೆಯೇ ಕರೆದು ತೋರಿಸು.”

ಶಿಷ್ಯ ತನ್ನ ಹೆಸರಿನ ಮೊದಲ ಅಕ್ಷರಕ್ಕೇ ತಡವರಿಸಿ, ಮತ್ತೆ ಮೊದಲಿನಿಂದ ಕರೆಯತೊಡಗಿದ.